ಅಕ್ಕುವಿನ ಅರ್ಜಿಯ ಮೊದಲ ಸಾಲು

ಕಳೆದ ತಿಂಗಳು ಹಂಪನಕಟ್ಟೆಯ ಹತ್ತಿರ ಒಂದು ಶಾಲೆಯ ಹಾಲಿನಲ್ಲಿ ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಭಾಷಣ ಇತ್ತು. ಭಾಷಣಕಾರರು ಒಂದೂವರೆ ಗಂಟೆ ಮಾತಾಡಿದರು. ಇಂಗ್ಲೆಂಡು ಬಂತು, ಫ್ರಾನ್ಸು ಬಂತು, ದೊಡ್ಡ ದೊಡ್ಡ ಹೆಸರುಗಳೆಲ್ಲ ಬಂದುಹೋದವು. ನಮ್ಮ ಬೊಕ್ಕಪಟ್ಣ ಮಾತ್ರ ಬರಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಎದ್ದು ನಿಂತು, "ಸ್ವಾಮೀ, ಬೊಕ್ಕಪಟ್ಣದಲ್ಲಿ ಮೀನು ಮಾರುತ್ತಿದ್ದ ಅಕ್ಕು ಎಂಬವಳ ಬಗ್ಗೆ ನಿಮಗೆ ಗೊತ್ತುಂಟಾ?" ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಬಾಯಿ ತೆರೆಯಬೇಕಾದಲ್ಲಿ ತೆರೆಯದೆ ಇರುವುದು ನನ್ನ ಹಳೆಯ ರೋಗ. ಮನೆಗೆ ಬಂದು ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ ಕಾಗದ ತೆಗೆದುಕೊಂಡು ಕೂತೆ.

ನನ್ನ ಹೆಸರು ಯೂಸ್ಟೇಸ್. ಬಂದರಿಗೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಅಚ್ಚಿನ ಮೊಳೆ ಜೋಡಿಸಿದವನು. ಮದುವೆ ಕಾಗದ, ಹಂಚಿನ ಕಾರ್ಖಾನೆಯ ಬಿಲ್ಲು, ಯಕ್ಷಗಾನದ ಹ್ಯಾಂಡ್‌ಬಿಲ್ಲು, ವಾರಕ್ಕೊಮ್ಮೆ ನಾಲ್ಕು ಪುಟದ ಒಂದು ಪತ್ರಿಕೆ, ಇಷ್ಟು ನಮ್ಮ ಕೆಲಸ. ಕಂಪೋಸಿಟರನಿಗೆ ಅಕ್ಷರ ಕಾಣುತ್ತದೆ, ಅರ್ಥ ಕಾಣುವುದಿಲ್ಲ ಎಂದು ಯಜಮಾನರು ಗೇಲಿ ಮಾಡುತ್ತಿದ್ದರು. ನನ್ನ ಮಟ್ಟಿಗೆ ಅದು ನಿಜವೇ ಆಯಿತು.

ಅಕ್ಕು ನನಗೆ ಪರಿಚಯವಾದದ್ದು ಅವಳ ತಮ್ಮ ಪೂವಪ್ಪನಿಂದ. ತಾಯಿ ಹೆರಿಗೆಯಲ್ಲಿ ತೀರಿಕೊಂಡಾಗ ಪೂವಪ್ಪ ಹಸುಗೂಸು, ಅಕ್ಕುವಿಗೆ ಹನ್ನೆರಡು ವರ್ಷ. ಮಗುವನ್ನು ಸೊಂಟದಲ್ಲಿ ಕೂರಿಸಿ, ತಲೆಯ ಮೇಲೆ ಬೂತಾಯಿ ಮೀನಿನ ಬುಟ್ಟಿ ಹೊತ್ತು ಮನೆ ಮನೆಗೆ ಹೋದವಳು. ಆಮೇಲೆ ಮದುವೆಯಾಯಿತು, ಮೂರೇ ವರ್ಷಕ್ಕೆ ಗಂಡನನ್ನು ಕಡಲು ತೆಗೆದುಕೊಂಡಿತು. ತಮ್ಮನನ್ನು ಕಡಲಿಗೆ ಕಳಿಸುವುದಿಲ್ಲ ಎಂದು ಹಟ ಹಿಡಿದು ಮಿಶನ್ ಶಾಲೆಗೆ ಹಾಕಿದಳು. ಬೊಕ್ಕಪಟ್ಣದ ಗಂಡಸರೆಲ್ಲ ನಕ್ಕರು. ಮೊಗವೀರರ ಹುಡುಗ ಬಲೆ ಬಿಟ್ಟು ಪುಸ್ತಕ ಹಿಡಿದರೆ ಮೀನು ತಾನಾಗಿ ದೋಣಿಗೆ ಹಾರುತ್ತದಾ ಎಂದು ಕೇಳಿದರು. ಅವಳು ಅವರ ಬಾಯಿಗೆ ಉತ್ತರ ಕೊಡದೆ ಬುಟ್ಟಿ ಹೊತ್ತು ನಡೆದಳು.

ಹದಿನಾರನೆಯ ವಯಸ್ಸಿಗೆ ಪೂವಪ್ಪ ನಮ್ಮ ಅಚ್ಚುಕೂಟಕ್ಕೆ ಬಂದ. ನಾನೇ ಕೆಲಸ ಕಲಿಸಿದೆ. ಆರು ತಿಂಗಳಲ್ಲಿ ನನಗಿಂತ ಚುರುಕಾದ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ನನ್ನ ಹಾಗಲ್ಲ ಅವನು, ಜೋಡಿಸಿದ್ದನ್ನೆಲ್ಲ ಓದುತ್ತಿದ್ದ. ಸಂಪಾದಕರ ಲೇಖನದಲ್ಲೇ ತಪ್ಪು ಹುಡುಕಿ ತೋರಿಸುತ್ತಿದ್ದ. ಒಮ್ಮೆ ಒಂದು ಹಂಚಿನ ಕಾರ್ಖಾನೆಯ ಗೋಡೆ ಬಿದ್ದು ಇಬ್ಬರು ಹೆಂಗಸರು ಸತ್ತಾಗ ಪತ್ರಿಕೆಯಲ್ಲಿ ಅವರ ಹೆಸರು ಹಾಕಬೇಕೆಂದು ಹಟ ಮಾಡಿದ. ಜಾಹೀರಾತು ಕೊಡುವವರ ಕಾರ್ಖಾನೆ ಅದು. ಯಜಮಾನರು, "ನಿನಗೆ ತಲೆ ಸರಿ ಉಂಟಾ ಮಾರಾಯ?" ಎಂದು ಗದರಿಸಿದರು. ಮರುವರ್ಷ, ಸಾವಿರದ ಒಂಬೈನೂರ ಇಪ್ಪತ್ತೊಂಬತ್ತರಲ್ಲಿ, ಅವನು ಹಂಚು ತುಂಬಿದ ಮಂಜಿ ಎಂಬ ಹಾಯಿಹಡಗು ಹತ್ತಿ ಆಫ್ರಿಕಕ್ಕೆ ಹೋದ. ಕಡಲಿಗೆ ಕಳಿಸುವುದಿಲ್ಲ ಎಂದ ಅಕ್ಕು ಹಡಗು ನಿಲ್ಲುವ ದಕ್ಕೆಯಲ್ಲಿ ನಿಂತು ಅಳುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ಕೊಡೆ ಹಿಡಿದಿದ್ದೆ.

ಅವನು ಇಳಿದದ್ದು ಮೊಂಬಾಸದಿಂದ ತೆಂಕಕ್ಕಿರುವ ಒಂದು ಬಂದರಿನಲ್ಲಿ. ಊರಿನ ಹೆಸರು ಇಲ್ಲಿ ಬೇಡ. ಮೊದಲು ಯಾವುದೋ ಪ್ರೆಸ್ಸಿನಲ್ಲಿ ಕೆಲಸ ಮಾಡಿದ. ಐದು ವರ್ಷದ ಮೇಲೆ ಕಾಲಿನಲ್ಲಿ ತುಳಿಯುವ ಹಳೆಯ ಅಚ್ಚುಯಂತ್ರ ಒಂದನ್ನು ಹೊಂದಿಸಿಕೊಂಡು ತನ್ನದೇ ವಾರಪತ್ರಿಕೆ ತೆಗೆದ. ಎರಡೇ ಹಾಳೆ, ಇಂಗ್ಲಿಷಿನಲ್ಲಿ. ದಕ್ಕೆಯ ಹಮಾಲಿಗಳ ಸುದ್ದಿ, ಹಡಗಿನವರ ಸುದ್ದಿ. ಬರೆಯುವವನೂ ಅವನೇ, ಮೊಳೆ ಜೋಡಿಸುವವನೂ ಅವನೇ, ಬೀದಿಯಲ್ಲಿ ಮಾರುವವನೂ ಅವನೇ. ಮಳೆಗಾಲಕ್ಕೆ ಮೊದಲು ಮಂಜಿಗಳು ಊರಿಗೆ ಹಿಂದಿರುಗುವಾಗ ಖಲಾಸಿ ಅಹ್ಮದ್ ಬಾವನ ಕೈಯಲ್ಲಿ ಆ ವರ್ಷದ ಸಂಚಿಕೆಗಳ ಕಟ್ಟು ಬರುತ್ತಿತ್ತು. ಅಕ್ಕು ಅದನ್ನು ನಮ್ಮ ಅಚ್ಚುಕೂಟಕ್ಕೆ ತರುತ್ತಿದ್ದಳು. ಶುಕ್ರವಾರ ಮಾಂಸ ತಿನ್ನದ ನಮಗೆ ಮೀನು ಬೇಕಲ್ಲ. ನಂಗ್ ಅಥವಾ ಬಂಗುಡೆ ನನ್ನ ಪಾಲಿಗೆ ತೆಗೆದಿಟ್ಟು, ಬುಟ್ಟಿ ಹೊರಗಿಟ್ಟು, ಮೆಟ್ಟಿಲ ಮೇಲೆ ಕೂರುತ್ತಿದ್ದಳು.

"ಪೊರ್ಬುಗಳೇ, ಎಂತ ಬರೆದಿದ್ದಾನೆ ನೋಡಿ" ಎನ್ನುತ್ತಿದ್ದಳು. ನಮ್ಮ ಕ್ರಿಸ್ತಾಂವರನ್ನು ತುಳುವರು ಪೊರ್ಬು ಎಂದೇ ಕರೆಯುವುದು. ಅವಳ ಮಾತೆಲ್ಲ ತುಳುವಿನಲ್ಲೇ. ನಾನಿಲ್ಲಿ ನಮ್ಮ ಊರಿನ ಕನ್ನಡಕ್ಕೆ ತಂದಿದ್ದೇನೆ.

ನಾನು ಓದಿ ಅರ್ಥ ಹೇಳುತ್ತಿದ್ದೆ. ಯಾವ ಹಮಾಲಿಯ ಕಾಲು ಮುರಿಯಿತು, ಯಾವ ಕಂಪೆನಿ ಆಸ್ಪತ್ರೆಗೆ ಕಳಿಸಲಿಲ್ಲ. ಕಾಣದ ಊರಿನ ಕಾಣದ ಜನರ ಕಷ್ಟ ಕೇಳಿ ಅವಳು "ಪಾಪ ಮಾರಾಯ್ರೆ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಓದಲು ಬಾರದ ಹೆಂಗಸು ಆ ಹಾಳೆಗಳನ್ನು ಮಡಚಿ ಒಗೆದ ಸೀರೆಯಲ್ಲಿ ಸುತ್ತಿ ತೆಗೆದುಕೊಂಡು ಹೋಗುವಾಗ ಅವಳ ಮುಖದಲ್ಲಿದ್ದ ಠೀವಿಯನ್ನು ನಾನು ಯಾವ ದೊರೆಸಾನಿಯ ಮುಖದಲ್ಲೂ ಕಂಡಿಲ್ಲ.

ಮೂವತ್ತೇಳರ ಮೇ ತಿಂಗಳಲ್ಲಿ ಅಹ್ಮದ್ ಬಾವ ಪತ್ರಿಕೆಯ ಕಟ್ಟು ತರಲಿಲ್ಲ. ಅವನೇ ಅಕ್ಕುವನ್ನು ಕರೆದುಕೊಂಡು ಅಚ್ಚುಕೂಟಕ್ಕೆ ಬಂದ. ಒಳಗೆ ಬರಲು ಹಿಂಜರಿದು ಬಾಗಿಲ ಹತ್ತಿರವೇ ನಿಂತ.

ನಡೆದದ್ದು ಇಷ್ಟು. ಆ ಬಂದರಿನಲ್ಲಿ ಹೊಸದಾಗಿ ಕಟ್ಟುತ್ತಿದ್ದ ದಕ್ಕೆ ಕುಸಿದುಬಿತ್ತು. ಮೂವರು ಸತ್ತರೆಂದು ಸರಕಾರ ಹೇಳಿತು. ಪೂವಪ್ಪ ಹಮಾಲಿಗಳ ಕೇರಿಗೆ ಹೋಗಿ ಮನೆ ಮನೆ ವಿಚಾರಿಸಿ ಒಂಬತ್ತು ಜನರ ಹೆಸರು, ಅವರ ಊರು, ಅವರ ಮಕ್ಕಳ ಹೆಸರು ಅಚ್ಚು ಹಾಕಿದ. ಜನ ದಂಗೆಯೇಳಲೆಂದು ಬರೆದಿದ್ದಾನೆ ಎಂದು ಕೇಸು ಹಾಕಿ ಮೂರು ವರ್ಷ ಕಠಿಣ ಸಜೆ ಕೊಟ್ಟರು. ಯಂತ್ರವನ್ನೂ ಎತ್ತಿಕೊಂಡು ಹೋದರು.

ಅಕ್ಕುವಿಗೆ ಮೊದಲು ಅರ್ಥವೇ ಆಗಲಿಲ್ಲ. "ಕದ್ದನಾ?" ಎಂದು ಕೇಳಿದಳು.

"ಇಲ್ಲ ಅಕ್ಕು" ಎಂದೆ.

"ಯಾರಿಗಾದರೂ ಹೊಡೆದನಾ?"

"ಇಲ್ಲ. ಬರೆದದ್ದಕ್ಕೆ."

"ಸುಳ್ಳು ಬರೆದನಾ ಬ್ಯಾರಿಗಳೇ?" ಎಂದು ಅಹ್ಮದ್ ಬಾವನನ್ನು ಕೇಳಿದಳು. ನಮ್ಮ ಕಡೆಯ ಮುಸ್ಲಿಮರನ್ನು ಬ್ಯಾರಿ ಎನ್ನುವುದು.

ಅಹ್ಮದ್ ಬಾವ ಇಲ್ಲವೆಂದು ತಲೆಯಾಡಿಸಿದ. "ಒಂಬತ್ತೂ ಮಯ್ಯತ್ ನಾನೇ ನೋಡಿದ್ದೇನೆ. ಎರಡಕ್ಕೆ ಹೆಗಲೂ ಕೊಟ್ಟಿದ್ದೇನೆ."

"ಹಾಗಾದರೆ ಯಾಕೆ ಜೈಲು?" ಎಂದು ಅವಳು ನನ್ನ ಕಡೆ ತಿರುಗಿದಳು. ಇಂಗ್ಲಿಷ್ ಬಲ್ಲ ನನ್ನ ಹತ್ತಿರ ಉತ್ತರ ಇರಬೇಕೆಂದು ಅವಳ ನಂಬಿಕೆ. ನಾನು ಕೈಗೆ ಹತ್ತಿದ ಶಾಯಿ ಒರೆಸುತ್ತಾ ನಿಂತೆ.

ಜೂನಿನಲ್ಲಿ ಪೂವಪ್ಪನ ವಕೀಲರ ಕಾಗದ ಬಂತು. ಗೋವೆಯ ಕಡೆಯವರು, ಒಳ್ಳೆಯ ಮನುಷ್ಯ, ಫೀಸು ಇಲ್ಲದೆ ವಾದಿಸುತ್ತಿದ್ದರು. ಮೇಲಿನ ಕೋರ್ಟಿಗೆ ಅಪೀಲು ಹಾಕಿದ್ದರು. ಬರುವ ಫೆಬ್ರವರಿಯಲ್ಲಿ ವಿಚಾರಣೆ. ಇವನು ದಂಗೆಕೋರ ಎಂದು ಸರಕಾರದವರು ಸಾಧಿಸುತ್ತಿದ್ದಾರೆ, ಇವನು ಸತ್ಯವಂತ, ಗೌರವಸ್ಥರ ಮನೆಯವನು ಎಂದು ಹುಟ್ಟೂರಿನ ಜನ ಒಂದು ಅರ್ಜಿ ಬರೆದು ಸಹಿ ಹಾಕಿ ಕಳಿಸಿದರೆ ಉಪಯೋಗ ಆದೀತು ಎಂದು ಬರೆದಿದ್ದರು. ಕೊನೆಗೆ ಇನ್ನೊಂದು ಮಾತಿತ್ತು. ಜೈಲಿನ ಸುಣ್ಣದ ಕಲ್ಲು ಒಡೆಯುವ ಕೆಲಸದಿಂದ ಪೂವಪ್ಪನ ಎದೆ ಕೆಟ್ಟಿದೆ, ಮೂರು ವರ್ಷ ಅವನು ತಾಳಲಾರ. ಆಗ ಅದನ್ನು ನಾನು ಅಡಗಿಸಲಿಲ್ಲ. ಅಕ್ಕುವಿಗೆ ಪೂರ್ತಿ ಓದಿ ಹೇಳಿದೆ. ಅವಳು ಬುಟ್ಟಿ ಅಲ್ಲೇ ಬಿಟ್ಟು ಎದ್ದು ಹೋದಳು. ಆ ದಿನದ ಮೀನು ಬೆಕ್ಕಿನ ಪಾಲಾಯಿತು.

ಮಳೆಗಾಲ ಹಿಡಿದಿತ್ತು. ದೋಣಿಗಳೆಲ್ಲ ತೆಂಗಿನ ಮಡಲಿನ ಚಪ್ಪರದಡಿ ಮಲಗಿದ್ದವು, ಗಂಡಸರು ಮನೆಯಲ್ಲಿ ಕೂತು ಬಲೆ ಕಟ್ಟುತ್ತಿದ್ದರು. ಅಕ್ಕುವಿಗೆ ಅದೇ ಒಳ್ಳೆಯದಾಯಿತು. ಬೊಕ್ಕಪಟ್ಣ, ಬೋಳೂರು, ದೋಣಿ ದಾಟಿ ಬೆಂಗ್ರೆ, ಆಚೆ ಉಳ್ಳಾಲ, ಒಂದು ಮನೆ ಬಿಡದೆ ಹೋದಳು. ಎರಡು ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಬೆಂಗ್ರೆಯಲ್ಲಿ ಒಬ್ಬ ಬಲೆಯಿಂದ ಕಣ್ಣೆತ್ತದೆ, "ಅವನಿಗೆ ಯಾಕೆ ಬೇಕಿತ್ತು ಊರವರ ಉಸಾಬರಿ? ದುಡಿಯಲಿಕ್ಕೆ ಹೋದವ ದುಡಿಯಬೇಕಲ್ಲ?" ಎಂದ.

ಅಕ್ಕು ಜಗಲಿಯ ಮೇಲೆ ಅವನ ಎದುರೇ ಕೂತಳು. "ನಿನ್ನ ಅಣ್ಣನ ದೋಣಿ ಮಗುಚಿದಾಗ ಎಷ್ಟು ಜನ ಹೋಗಿದ್ದರು?"

"ಐದು."

"ಇಬ್ಬರು ಅಂತ ಡಂಗುರ ಹೊಡೆಸಿ, ಉಳಿದ ಮೂವರ ಹೆಸರು ಯಾರೂ ಎತ್ತಬಾರದು ಅಂದಿದ್ದರೆ ನೀನು ಸುಮ್ಮನಿರುತ್ತಿದ್ದೆಯಾ? ನಿನ್ನ ಅತ್ತಿಗೆ ಯಾರ ಹೆಸರು ಹೇಳಿ ಅಳಬೇಕಿತ್ತು?"

ಅವನು ಬಲೆ ಕೆಳಗಿಟ್ಟು ಹೆಬ್ಬೆರಳು ಮುಂದೆ ಚಾಚಿದ. ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ನಾನು ಇಷ್ಟು ವರ್ಷದಲ್ಲಿ ಜೋಡಿಸಿದ ಲೇಖನಗಳಲ್ಲಿ ಇದಕ್ಕಿಂತ ಒಳ್ಳೆಯ ವಾದ ಒಂದನ್ನೂ ಕಂಡಿಲ್ಲ. ಹಗ್ಗ ಎಳೆದೂ ಎಳೆದೂ ಆ ಗಂಡಸರ ಹೆಬ್ಬೆರಳಿನ ಗೆರೆಗಳೇ ಸವೆದಿದ್ದವು. ಶಾಯಿ ಹಚ್ಚಿ ಒತ್ತಿದರೆ ಬರೀ ಕಪ್ಪು ಬೊಟ್ಟು ಮೂಡುತ್ತಿತ್ತು. ಪಕ್ಕದಲ್ಲಿ ನಾನು ಹೆಸರು ಬರೆಯುತ್ತಾ ಹೋದೆ.

ಸಪ್ಟೆಂಬರಿನ ಒಂದು ಭಾನುವಾರ, ಪೂಜೆ ಮುಗಿಸಿ ಇಗರ್ಜಿಯಿಂದ ನೆಟ್ಟಗೆ ಅಚ್ಚುಕೂಟಕ್ಕೆ ಬಂದೆ. ಅರ್ಜಿಯ ಒಕ್ಕಣೆ ಬರೆಯುವ ದಿನ ಅದು. ಯಜಮಾನರು, "ಬಾಗಿಲು ಹಾಕಿಕೊಂಡು ಏನು ಬೇಕಾದರೂ ಮಾಡಿ, ನಾನು ನೋಡಲಿಲ್ಲ" ಎಂದು ಬೀಗದಕೈ ಕೊಟ್ಟಿದ್ದರು. ಅಕ್ಕು ಇದ್ದಳು, ಅವರ ಗ್ರಾಮದ ಮುಖ್ಯಸ್ಥ, ಗುರಿಕಾರ ಬೂಬಣ್ಣ ಇದ್ದರು, ಇಂಗ್ಲಿಷಿಗೆ ತರಲು ವಕೀಲರೊಬ್ಬರ ಗುಮಾಸ್ತ ಮೋಹನದಾಸ್ ಇದ್ದ. ಅಕ್ಕು ಹೇಳುತ್ತಾ ಹೋದಳು. ಪೂವಪ್ಪ ಚಿಕ್ಕಂದಿನಿಂದ ಸುಳ್ಳು ಹೇಳಿದವನಲ್ಲ, ಒಂಬತ್ತು ಜನ ಸತ್ತದ್ದನ್ನು ಒಂಬತ್ತೆಂದೇ ಬರೆದಿದ್ದಾನೆ, ಬರೆದವನನ್ನು ಬಿಟ್ಟುಬಿಡಿ. ಮೋಹನದಾಸ್ ಬರೆದುಕೊಳ್ಳುತ್ತಾ ಹೋದ.

ಬೂಬಣ್ಣ ಮಾತ್ರ ತಲೆಯಾಡಿಸಿದರು. "ಎಲ್ಲ ಸರಿ. ಆದರೆ ತಪ್ಪು ಕಾಣಿಕೆ ಇಲ್ಲದೆ ಹೇಗೆ ಸುರು ಮಾಡುವುದು?"

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಈ ನಾಡಿನಲ್ಲಿ ದೈವದ ಎದುರು ಏನು ಬೇಡಿಕೊಳ್ಳುವುದಿದ್ದರೂ ಮೊದಲು ತಪ್ಪು ಕಾಣಿಕೆ ಇಡುತ್ತಾರೆ. ತಪ್ಪು ಮಾಡಿದ್ದೇವೆ ಎಂದಲ್ಲ. ಮನುಷ್ಯರಾದ ಮೇಲೆ ತಿಳಿಯದೆ ಏನಾದರೂ ಆಗಿರಬಹುದು, ಅದನ್ನು ಬದಿಗಿಟ್ಟು ನಮ್ಮ ಮಾತು ಕೇಳು ಎಂಬುದು ಅದರ ಭಾವ. ಏನೂ ಮಾಡದ ಎಳೆಯ ಮಗುವಿನ ಹೆಸರಿನಲ್ಲೂ ಇಡುತ್ತಾರೆ. ದೈವಕ್ಕೂ ಅದು ಗೊತ್ತು, ಇಡುವವರಿಗೂ ಗೊತ್ತು. ಬೂಬಣ್ಣನ ಲೆಕ್ಕದಲ್ಲಿ ಗವರ್ನರನೂ ಜಡ್ಜನೂ ದೊಡ್ಡವರೇ. ದೊಡ್ಡವರ ಎದುರು ನಿಂತು ಬಾಯಿ ತೆರೆದ ಕೂಡಲೆ ನಮ್ಮದು ಸರಿ ಎಂದರೆ ಯಾರು ಕೇಳುತ್ತಾರೆ?

"ಹೌದು, ಅದು ಬೇಕು" ಎಂದಳು ಅಕ್ಕು. ಹೇಳಿ ಬರೆಸಿಯೂ ಬಿಟ್ಟಳು: "ತಿಳಿದೋ ತಿಳಿಯದೆಯೋ ನಮ್ಮ ಪೂವಪ್ಪನಿಂದ ತಪ್ಪಾಗಿದ್ದರೆ ತಾವು ಅದನ್ನು ಹೊಟ್ಟೆಗೆ ಹಾಕಿಕೊಂಡು ಕಾಪಾಡಬೇಕು."

ಮೋಹನದಾಸ್ ಪೆನ್ನು ಹಿಡಿದು ಅನುಮಾನಿಸಿದ. ಕೋರ್ಟು ಕಂಡವನಲ್ಲವೇ. "ಈ ಸಾಲು ಬೇಕಾ ಯೂಸ್ಟೇಸಣ್ಣ? ತಪ್ಪಿಲ್ಲ ಅಂತಲೇ ಅಲ್ಲವಾ ನಮ್ಮ ಅಪೀಲು?" ಎಂದು ನನ್ನನ್ನು ಕೇಳಿದ. ಅಕ್ಕುವೂ ನನ್ನ ಮುಖ ನೋಡಿದಳು. ನಾನು ಒಂದು ಗಂಟೆ ಮುಂಚೆಯಷ್ಟೇ ಇಗರ್ಜಿಯಲ್ಲಿ ಮೊಣಕಾಲೂರಿ ಎದೆ ಬಡಿದುಕೊಂಡು, ನನ್ನ ತಪ್ಪು, ನನ್ನ ತಪ್ಪು, ನನ್ನ ದೊಡ್ಡ ತಪ್ಪು ಎಂದು ಲ್ಯಾಟಿನಿನಲ್ಲಿ ಹೇಳಿ ಬಂದವನು. ಪ್ರತಿ ಭಾನುವಾರ ಹೇಳುತ್ತೇನೆ. ಆ ಮಾತಿನಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ.

"ಇರಲಿ ಮಾರಾಯ, ಮರ್ಯಾದೆಯ ಮಾತಲ್ಲವಾ" ಎಂದೆ.

ಮೋಹನದಾಸ್ ಅದನ್ನು ಚಾಚೂ ತಪ್ಪದೆ ಇಂಗ್ಲಿಷಿಗೆ ತಂದ. ನಾನು ನನ್ನ ಕೈಯಾರೆ ಜೋಡಿಸಿದೆ. ಮೊದಲ ಸಾಲಾದ್ದರಿಂದ ಸ್ವಲ್ಪ ದಪ್ಪ ಅಕ್ಷರವನ್ನೇ ಹಾಕಿದೆ. ಸಾವಿರದ ನೂರಕ್ಕೂ ಹೆಚ್ಚು ಹೆಬ್ಬೆರಳಿನ ಗುರುತುಗಳ ಹಾಳೆಗಳನ್ನು ಅದರ ಹಿಂದೆ ಹೊಲಿದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು. ಅಂಚೆ ಕಚೇರಿಯಿಂದ ಹೊರಬಂದಾಗ ಅಕ್ಕು ನಗುತ್ತಿದ್ದಳು. ಅವಳು ನಕ್ಕದ್ದನ್ನು ಆಮೇಲೆ ನಾನು ನೋಡಲಿಲ್ಲ.

ಮೂವತ್ತೆಂಟರ ಮಾರ್ಚ್ ಹದಿನೆಂಟು, ಶುಕ್ರವಾರ. ವಕೀಲರ ಕಾಗದ ಬೆಳಿಗ್ಗೆಯೇ ಬಂದಿತ್ತು, ಅಕ್ಕು ಬರಲೆಂದು ಒಡೆಯದೆ ಇಟ್ಟಿದ್ದೆ. ಅವಳು ಮೆಟ್ಟಿಲ ಮೇಲೆ ಕೂತಳು. ನಾನು ಒಡೆದು ಮೊದಲು ಮನಸ್ಸಿನಲ್ಲೇ ಓದಿಕೊಂಡೆ.

ವಿಚಾರಣೆಯ ದಿನ ಸರಕಾರಿ ವಕೀಲರು ಎದ್ದು ನಿಂತು ನಮ್ಮ ಅರ್ಜಿಯ ಮೊದಲ ಸಾಲನ್ನೇ ಗಟ್ಟಿಯಾಗಿ ಓದಿದರಂತೆ. ಆರೋಪಿಯ ಸ್ವಂತ ಅಕ್ಕ, ಊರಿನ ಸಾವಿರ ಜನ ತಪ್ಪಾಗಿದೆ ಎಂದು ಕ್ಷಮೆ ಬೇಡುತ್ತಿದ್ದಾರೆ, ಇನ್ನು ಈ ಕೋರ್ಟು ಯೋಚಿಸಲು ಏನು ಉಳಿದಿದೆ ಎಂದು ಕೇಳಿದರಂತೆ. ಅಪೀಲು ವಜಾ ಆಯಿತು. ಮರುದಿನ ಸರಕಾರದ ಪರವಾದ ಪತ್ರಿಕೆ ಆ ಸಾಲನ್ನೇ ಚೌಕಟ್ಟು ಕಟ್ಟಿ ಅಚ್ಚು ಹಾಕಿತು. ಆಮೇಲೆ ಜೈಲಿನ ಅಧಿಕಾರಿ ಪೂವಪ್ಪನ ಹತ್ತಿರ ಹೋಗಿ, ನಿನ್ನ ಅಕ್ಕ ಬರೆದ ಮಾತಿನ ಕೆಳಗೆ ನೀನೂ ಒಂದು ಸಹಿ ಹಾಕು, ನಾಳೆಯೇ ಬಿಡುತ್ತೇವೆ ಎಂದನಂತೆ. ಪೂವಪ್ಪ ಹಾಕಲಿಲ್ಲ. "ಇದು ನಮ್ಮೂರಲ್ಲಿ ದೈವಕ್ಕೆ ಹೇಳುವ ಮಾತು. ನೀವು ದೈವ ಅಲ್ಲ" ಎಂದನಂತೆ.

ಕಾಗದ ಅಲ್ಲಿಗೆ ಮುಗಿದಿದ್ದರೆ ನಾನು ಓದಿ ಹೇಳುತ್ತಿದ್ದೆನೋ ಏನೋ. ಕೊನೆಯಲ್ಲಿ ವಕೀಲರು ಬರೆದಿದ್ದರು: ಅಧಿಕಾರಿಯ ಎದುರು ಹಾಗೆ ಹೇಳಿದವನು, ನಾನೊಬ್ಬನೇ ಇದ್ದಾಗ ಬೇರೆಯೇ ಕೇಳಿದ. "ಅಕ್ಕನಿಗೆ ನಿಜವಾಗಿಯೂ ನಾನು ತಪ್ಪು ಮಾಡಿದೆ ಅನಿಸಿದೆಯಾ? ಯೂಸ್ಟೇಸ್ ಅವಳನ್ನು ಕೇಳಿ ಬರೆಯಲಿ" ಎಂದ. ಅವನು ಉತ್ತರಕ್ಕೆ ಕಾಯುತ್ತಿದ್ದಾನೆ, ದಯವಿಟ್ಟು ತಡ ಮಾಡಬೇಡಿ.

"ಎಂತ ಬರೆದಿದ್ದಾರೆ ಪೊರ್ಬುಗಳೇ?"

"ಜಡ್ಜ್ ಒಪ್ಪಲಿಲ್ಲ, ಅಕ್ಕು."

"ಯಾಕಂತೆ?"

"ಯಾಕೆ ಅಂತ ಬರೆದಿಲ್ಲ."

"ನನ್ನ ಅರ್ಜಿ ತಲುಪಿತಂತಾ?"

"ತಲುಪಿತಂತೆ."

"ಅವ ನೋಡಿದನಂತಾ?"

"ಹೌದು, ನೋಡಿದ್ದಾನೆ."

"ಅಷ್ಟು ಸಾಕು" ಎಂದಳು. "ನಾವೆಲ್ಲ ಅವನ ಹಿಂದೆ ಇದ್ದೇವೆ ಅಂತ ಗೊತ್ತಾಯಿತಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡು ಬುಟ್ಟಿ ಎತ್ತಿಕೊಂಡಳು.

ಪಾಪದ ಹೆಂಗಸು, ಇದನ್ನು ಕೇಳಿದರೆ ಎದೆ ಒಡೆದುಕೊಳ್ಳುತ್ತಾಳೆ, ಸ್ವಲ್ಪ ದಿನ ಹೋಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಹೇಳುತ್ತೇನೆ, ಅದು ಅರ್ಧ ಸತ್ಯ. ಇನ್ನರ್ಧ, "ಇರಲಿ ಮಾರಾಯ" ಎಂದವನು ನಾನು. ಮನೆಗೆ ಬಂದು ಹೆಂಡತಿ ರೊಸಾಲಿನ್‌ಗೆ ಹೇಳಿದೆ. ಅವಳು ಅನ್ನ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತು, "ನಾಳೆಯೇ ಹೋಗಿ ಹೇಳಿ. ಅಲ್ಲೊಬ್ಬ ಕಾಯ್ತಾ ಇದ್ದಾನೆ" ಎಂದಳು. ನಾಳೆ ಆಗಲಿಲ್ಲ, ಆ ವಾರ ಆಗಲಿಲ್ಲ, ಈಸ್ಟರ್ ಮುಗಿಯಲಿ ಎಂದೆ, ಈಸ್ಟರೂ ಮುಗಿಯಿತು. ವಕೀಲರಿಗೆ ಮಾತ್ರ ನಾಲ್ಕು ಸಾಲು ಗೀಚಿ ಹಾಕಿದೆ: ಅಕ್ಕು ಸೌಖ್ಯ, ತಮ್ಮನಿಗೆ ಆಶೀರ್ವಾದ ತಿಳಿಸಿದ್ದಾಳೆ. ಕೇಳಿದ ಪ್ರಶ್ನೆಯ ಬಗ್ಗೆ ಚಕಾರ ಎತ್ತಲಿಲ್ಲ. ಅದನ್ನು ಓದಿದ ಪೂವಪ್ಪ ಏನು ತಿಳಿದುಕೊಂಡಿರಬೇಕು ಎಂದು ಯೋಚಿಸಿದಾಗೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಷ್ಟರಲ್ಲಿ ಅಕ್ಕು ಎರಡನೆಯ ಅರ್ಜಿಗೆ ಓಡಾಡಲು ಸುರು ಮಾಡಿದ್ದಳು. ಈ ಸಲ ಪೇಟೆಯವರ ಸಹಿಯೂ ಬೇಕು ಎನ್ನುತ್ತಿದ್ದಳು. ಬೂಬಣ್ಣ ಹೇಳಿದ ಹಾಗೆ ಮೊದಲ ಸಾಲು ಇನ್ನೂ ಸ್ವಲ್ಪ ತಗ್ಗಿ ಬರೆಯಬೇಕೇನೋ ಎಂದೂ ಕೇಳಿದಳು. ನಾನು ಮೊಳೆಗಳ ಮರದ ಕೇಸಿನೊಳಗೆ ಮುಖ ಹುದುಗಿಸಿ ಹೆಕ್ಕುತ್ತಿದ್ದೆ.

ಮೇ ತಿಂಗಳ ಕೊನೆಯ ವಾರ ಅಹ್ಮದ್ ಬಾವನ ಮಂಜಿ ಬಂತು. ವಿಚಾರಣೆಯ ದಿನ ಅವನು ಕೋರ್ಟಿನ ಜಗಲಿಯಲ್ಲಿ ನಿಂತು ಕೇಳಿದ್ದ. ದಕ್ಕೆಯಿಂದ ನೇರ ಅಕ್ಕುವಿನ ಮನೆಗೆ ಹೋಗಿ ಎಲ್ಲ ಹೇಳಿದ. ಅವಳಿಗೆ ಗೊತ್ತಿದೆ ಎಂದೇ ಅವನು ತಿಳಿದಿದ್ದ.

ಮಧ್ಯಾಹ್ನದ ಬಿಸಿಲಿನಲ್ಲಿ ಅವಳು ಬಂದಳು. ಬುಟ್ಟಿ ಇರಲಿಲ್ಲ. ಇಷ್ಟು ವರ್ಷ ಮೆಟ್ಟಿಲ ಮೇಲೆ ಕೂತವಳು ಆ ದಿನ ಒಳಗೆ ಬಂದು ನನ್ನ ಕೇಸಿನ ಎದುರು ನಿಂತಳು.

"ಆ ಕಾಗದ ಉಂಟಾ?"

ಉಂಟೆಂದೆ.

"ಓದಿ. ಪೂರ್ತಿ ಓದಿ. ಒಂದು ಅಕ್ಷರ ಬಿಡಬೇಡಿ."

ಓದಿದೆ. ಕೊನೆಯ ಸಾಲುಗಳಿಗೆ ಬರುವಾಗ ನಿಲ್ಲಿಸಿದೆ. ಅವಳು ಕಾದಳು. ಮತ್ತೆ ಓದಿದೆ. ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ, ಎರಡೂ ಆಗಲಿಲ್ಲ.

"ಅವ ನನ್ನ ಹತ್ತಿರ ಒಂದು ಮಾತು ಕೇಳಿದ್ದ" ಎಂದಳು. "ನೀವು ನನಗೆ ಹೇಳಲಿಲ್ಲ. ಸರಕಾರದವರು ಮುಚ್ಚಿಟ್ಟರು ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ನೀವು ಇಲ್ಲೇ ಕೂತು ಮುಚ್ಚಿಟ್ಟಿರಲ್ಲ ಪೊರ್ಬುಗಳೇ?"

ಅಲ್ಲೇ ನಿಂತು ಉತ್ತರ ಹೇಳಿದಳು. ಮೋಹನದಾಸನನ್ನು ಕರೆಸಿ ಬರೆಸಿದಳು. ಜೈಲಿನವರು ಇಂಗ್ಲಿಷ್ ಕಾಗದವನ್ನಷ್ಟೇ ಒಳಗೆ ಬಿಡುತ್ತಿದ್ದರು. "ತಮ್ಮಾ, ನಿನ್ನದು ತಪ್ಪಿಲ್ಲ. ನನಗೆ ಒಂದು ದಿನವೂ ಹಾಗೆ ಅನಿಸಿಲ್ಲ. ದೊಡ್ಡವರು ಅಂತ ನಾವು ತಲೆ ತಗ್ಗಿಸಿದೆವು, ಅದನ್ನು ಅವರು ನಿನ್ನ ಮೇಲೆ ಹಾಕಿದರು. ನೀನು ಸಹಿ ಹಾಕದ್ದು ಸರಿ. ಮೈ ನೋಡಿಕೋ. ಅಕ್ಕ." ಅದೇ ಸಂಜೆಯ ಟಪ್ಪಾಲಿಗೆ ಹಾಕಿಸಿದಳು.

ಆಗಸ್ಟಿನಲ್ಲಿ ಆ ಲಕೋಟೆ ಒಡೆಯದೆ ಹಾಗೆಯೇ ಹಿಂದೆ ಬಂತು. ಮೇಲೆ ಕೆಂಪು ಶಾಯಿಯಲ್ಲಿ ಏನೋ ಗೀಚಿದ್ದರು. ಜೊತೆಗೆ ವಕೀಲರ ಕಾಗದ. ಪೂವಪ್ಪ ಜೂನ್ ನಾಲ್ಕರಂದು ಜೈಲಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅಕ್ಕುವಿನ ಉತ್ತರ ಅಲ್ಲಿಗೆ ಮುಟ್ಟಿದ್ದು ಹದಿನೇಳನೇ ತಾರೀಕು. ಊರಿಂದ ಕಾಗದ ಉಂಟಾ ಎಂದು ಅವನು ಕೊನೆಯವರೆಗೂ ಕೇಳುತ್ತಿದ್ದನೆಂದು ವಕೀಲರು ಬರೆದಿದ್ದರು. ಇದನ್ನೂ ನಾನೇ ಓದಬೇಕಾಯಿತು. ಈ ಸಲ ಒಂದು ಅಕ್ಷರ ಬಿಡಲಿಲ್ಲ. ಮೊದಲಿನ ಕಾಗದವನ್ನು ಮಾರ್ಚ್ ತಿಂಗಳಲ್ಲೇ ಹೀಗೆ ಓದಿದ್ದರೆ ಉತ್ತರ ಏಪ್ರಿಲಿನಲ್ಲೇ ಅವನ ಕೈ ಸೇರುತ್ತಿತ್ತು. ಅವನು ಬದುಕುತ್ತಿರಲಿಲ್ಲವೇನೋ, ಎದೆ ಅಷ್ಟು ಕೆಟ್ಟಿತ್ತು. ಆದರೆ ತಿಳಿದುಕೊಂಡು ಸಾಯುತ್ತಿದ್ದ.

ಅಕ್ಕು ಆ ದಿನ ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತಳು. ಹಾಗೆ ಅಳುವುದನ್ನು ಮನುಷ್ಯರಿಂದ ಕೇಳಲಾಗುವುದಿಲ್ಲ. ಯಂತ್ರ ನಿಲ್ಲಿಸಿ ಎಲ್ಲರೂ ಹೊರಗೆ ಬಂದರು. ಯಜಮಾನರೂ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತರು.

ಹದಿನಾರನೆಯ ದಿನದ ಕ್ರಿಯೆ ಕಳೆದ ಮೇಲೆ ಅವಳು ಮತ್ತೆ ಬಂದಳು.

"ನಿಮ್ಮ ಪೇಪರಿನಲ್ಲಿ ತಪ್ಪು ಅಚ್ಚಾದರೆ ನೀವು ಎಂತ ಮಾಡ್ತೀರಿ?" ಎಂದು ಕೇಳಿದಳು.

"ಮುಂದಿನ ವಾರ ತಿದ್ದುಪಡಿ ಹಾಕ್ತೇವೆ."

"ಹಾಗಾದರೆ ನನ್ನದೊಂದು ಹಾಕಿ."

ನಾನು ಜೋಡಿಸಿದೆ. ಅಂಗೈ ಅಗಲದ ಚೀಟಿ, ಕನ್ನಡದಲ್ಲಿ. "ಬೊಕ್ಕಪಟ್ಣದ ಅಕ್ಕು ತಿಳಿಸುವುದೇನೆಂದರೆ, ಹೋದ ವರ್ಷ ನಿಮ್ಮಿಂದ ಹೆಬ್ಬೆರಳು ಒತ್ತಿಸಿಕೊಂಡ ಅರ್ಜಿಯ ಮೊದಲ ಸಾಲು ಸರಿಯಲ್ಲ. ನನ್ನ ತಮ್ಮ ಪೂವಪ್ಪನಿಂದ ಯಾವ ತಪ್ಪೂ ಆಗಿಲ್ಲ. ಒಂಬತ್ತು ಜನ ಸತ್ತದ್ದು ನಿಜ." ಇಷ್ಟೇ. ಕೆಳಗೆ ನನ್ನ ಹೆಸರನ್ನೂ ಹಾಕಲೇ ಎಂದು ಕೇಳಿದೆ.

"ಬೇಡ" ಎಂದಳು. "ನಿಮ್ಮದು ಬೇರೆ. ಅದನ್ನು ನೀವೇ ಬರೆಯಬೇಕು."

ಸಾವಿರದ ನೂರು ಚೀಟಿ ಬುಟ್ಟಿಯಲ್ಲಿಟ್ಟು, ಮೇಲೆ ತಾಳೆಗರಿ ಮುಚ್ಚಿ, ಆ ಮಳೆಯಲ್ಲಿ ಮತ್ತೆ ಅದೇ ಮನೆಗಳಿಗೆ ಹೋದಳು. ಓದಲು ಬರುವವರು ಎಲ್ಲಿದ್ದರು? ಪ್ರತಿ ಜಗಲಿಯಲ್ಲೂ ನಿಂತು ಅವಳೇ ಬಾಯಿಪಾಠ ಹೇಳಿ ಚೀಟಿ ಕೊಡುತ್ತಿದ್ದಳಂತೆ. ಬೂಬಣ್ಣ ಅವಳ ಕಾಲಿಗೆ ಬೀಳಲು ಹೋದರಂತೆ, ಆ ಸಾಲು ಹಾಕಿಸಿದವನು ನಾನಲ್ಲವಾ ಎಂದು. "ಹೇಳಿದ ಬಾಯಿ ನನ್ನದು ಬೂಬಣ್ಣ" ಎಂದು ಅವಳು ಅವರನ್ನು ಹಿಡಿದೆತ್ತಿದಳಂತೆ. ಉಳ್ಳಾಲದ ಕೊನೆಯ ಮನೆ ಮುಗಿಸುವಾಗ ಅಕ್ಟೋಬರ್ ಆಗಿತ್ತು, ದೋಣಿಗಳು ನೀರಿಗಿಳಿದಿದ್ದವು.

ಆಮೇಲೆ ಒಂಬತ್ತು ವರ್ಷ ಅವಳು ಅದೇ ದಾರಿಯಲ್ಲಿ ಮೀನು ಮಾರಿಕೊಂಡು ಹೋದಳು. ಎದುರಾದರೆ "ಸೌಖ್ಯವಾ ಪೊರ್ಬುಗಳೇ" ಎಂದು ಕೇಳುತ್ತಿದ್ದಳು. ಶುಕ್ರವಾರ ನನ್ನ ಪಾಲಿನ ಮೀನನ್ನು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಅಂಚೆಯವನು ತಂದ ಯಾವ ಕಾಗದವನ್ನೂ ಮತ್ತೆ ನನ್ನಿಂದ ಓದಿಸಲಿಲ್ಲ. ಅವುಗಳನ್ನು ಹಿಡಿದುಕೊಂಡು ಅರ್ಧ ಮೈಲು ನಡೆದು ಮೋಹನದಾಸನ ಮನೆಗೆ ಹೋಗುತ್ತಿದ್ದಳು. ನಲವತ್ತೇಳರ ಡಿಸೆಂಬರಿನಲ್ಲಿ ತೀರಿಕೊಂಡಳು. ನಾನು ಹೋಗಿದ್ದೆ, ಬಾಗಿಲ ಹೊರಗೆ ನಿಂತಿದ್ದೆ.

ನನ್ನದನ್ನು ನಾನೇ ಬರೆಯಬೇಕು ಎಂದಿದ್ದಳು. ಅವಳು ಇದ್ದ ಒಂಬತ್ತು ವರ್ಷದಲ್ಲಿ ಬರೆಯಲಿಲ್ಲ. ಈಗ ಬರೆದಿದ್ದೇನೆ, ಓದಿಸಿಕೊಳ್ಳಲು ಅವಳಿಲ್ಲ.